ಅತ್ತಿಗೆಯ ಹೆಬ್ಬೆರಳು

ನಮ್ಮ ಅತ್ತಿಗೆಗೆ ಅಳತೆಪಟ್ಟಿ ಕಂಡರೆ ಆಗುತ್ತಿರಲಿಲ್ಲ. ಬಿದಿರಿನ ಸೀಳನ್ನು ಎಡಗೈ ಹೆಬ್ಬೆರಳ ಮೇಲೆ ಎಳೆಯುತ್ತಾ, ಬಲಗೈಯ ಕತ್ತಿಯಿಂದ ಹೆರೆಯುತ್ತಾ, "ಇನ್ನೊಂದು ಕೂದಲೆಳೆಯಷ್ಟು ಹೋಗ್ಬೇಕು" ಅನ್ನುತ್ತಿದ್ದರು. ನಾನು ಲೇತ್ ಕೆಲಸದವನು, ಅಷ್ಟಕ್ಕೆಲ್ಲ ನಂಬುವ ಆಸಾಮಿಯಲ್ಲ. ಅಳೆದು ನೋಡಿದರೆ ಪ್ರತಿ ಸಲವೂ ಅವರದ್ದೇ ಸರಿ. "ಯಾಕೋ, ಇಂಗು ತಿಂದ ಮಂಗನ ಥರ ಮುಖ ಮಾಡ್ಕೊಂಡೆ?" ಎಂದು ಕಿಚಾಯಿಸುತ್ತಿದ್ದರು.

ಅಣ್ಣ ತೀರಿಕೊಂಡ ಮೇಲೆ ಬುಟ್ಟಿ ಹೆಣೆದೇ ಮಗಳನ್ನು ಸಾಕಿದವರು ಅವರು. ಐವತ್ತೈದಕ್ಕೆ ಬೆರಳ ಗೆಣ್ಣುಗಳೆಲ್ಲ ಊದಿಕೊಂಡವು. ಒಂದು ದಿನ ನನ್ನ ಶೆಡ್ಡಿಗೆ ಬಂದು ಕಣ್ಣೀರು ಹಾಕಿದರು. "ಕತ್ತಿ ಹಿಡಿಯೋಕಾಗ್ತಿಲ್ಲ ಕಣೋ. ನಿನ್ನ ಕಬ್ಬಿಣದಲ್ಲಿ ಏನಾದ್ರೂ ದಾರಿ ಇದ್ಯಾ? ಈ ಕೆಲಸ ಬಿಟ್ಟು ನಾನು ಬದುಕೋದಿಲ್ಲ."

ಮೂರು ತಿಂಗಳು ಒದ್ದಾಡಿ ಮಷಿನ್ ಮಾಡಿದೆ. ಎರಡು ರೋಲರು ಸೀಳನ್ನು ಒಳಗೆಳೆದುಕೊಳ್ಳುತ್ತವೆ, ಹಿಂದಿನ ಬ್ಲೇಡು ಹೆರೆಯುತ್ತದೆ. ಮೊದಮೊದಲು ಬಿದಿರಿನ ಗಿಣ್ಣು ಬಂದಲ್ಲೆಲ್ಲ ಸೀಳು ಹರಿದುಹೋಗುತ್ತಿತ್ತು. "ಗಿಣ್ಣು ಬಂದಾಗ ಹಿಡಿತ ಸಡಿಲ ಬಿಡ್ಬೇಕೋ ಪೆದ್ದಾ" ಎಂದು ಹೇಳಿಕೊಟ್ಟವರು ಅತ್ತಿಗೆಯೇ. ಮೇಲಿನ ರೋಲರಿಗೆ ಸ್ಪ್ರಿಂಗ್ ಹಾಕಿದೆ. ಗಿಣ್ಣು ಬಂದರೆ ಅದು ತಾನಾಗಿ ಮೇಲೇಳುತ್ತಿತ್ತು.

ಸೀಳು ಒಳಹೋಗುವ ಬಾಯಿಗೆ ತಗಡಿನ ಮುಚ್ಚಳವನ್ನೂ ಕೂರಿಸಿದ್ದೆ. ಅತ್ತಿಗೆ ಮುಖ ಸಿಂಡರಿಸಿದರು.

"ಇದನ್ನ ತೆಗಿ. ಬೆರಳಿಡೋಕೆ ಜಾಗ ಇಲ್ಲದಿದ್ರೆ ದಪ್ಪ ಹೇಗೆ ಗೊತ್ತಾಗುತ್ತೆ?"

"ದಪ್ಪಕ್ಕೆ ತಿರುಪು ಇದೆ ಅತ್ತಿಗೆ. ನೀವು ಮುಟ್ಟೋದೇ ಬೇಡ."

"ಮುಟ್ಟದೆ ಮಾಡೋದೂ ಒಂದು ಕೆಲಸವಾ?"

ನಾನು ನಕ್ಕು ಮುಚ್ಚಳದ ಸ್ಕ್ರೂ ಬಿಚ್ಚಿದೆ. ಥೂ, ಆ ನಗು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಎರಡು ವಾರ ಎಲ್ಲ ಸುಸೂತ್ರ. ಅತ್ತಿಗೆ ಹಾಡಿಕೊಂಡು ಕೆಲಸ ಮಾಡುತ್ತಿದ್ದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಎಡಗೈ ಹೆಬ್ಬೆರಳು ನಲವತ್ತು ವರ್ಷ ಇದ್ದ ಕಡೆಯೇ ಇತ್ತು, ಸೀಳಿನ ಅಡಿಯಲ್ಲಿ. ಒಂದು ಮಧ್ಯಾಹ್ನ ದೊಡ್ಡ ಗಿಣ್ಣು ಬಂತು. ರೋಲರು ಮೇಲೆದ್ದಿತು. ಸೀಳಿನ ಜೊತೆ ಬೆರಳೂ ಒಳಗೆ ಹೋಯಿತು.

ಬೆರಳು ಉಳಿಯಲಿಲ್ಲ. ಮಷಿನ್ ಒಡೆಯಲು ಸುತ್ತಿಗೆ ಎತ್ತಿದೆ. ಅತ್ತಿಗೆ ಕಟ್ಟು ಹಾಕಿದ ಕೈಯನ್ನೇ ಅಡ್ಡ ಹಿಡಿದರು.

"ಅದೇನು ಮಾಡ್ತು ಪಾಪ? ಮುಚ್ಚಳ ಹಾಕು."

ಹಾಕಿದೆ. ಈಗ ಮಗಳು ನಡೆಸುತ್ತಾಳೆ. ದಿನಕ್ಕೆ ನೂರಾರು ಸೀಳು ಬರುತ್ತವೆ. ಅತ್ತಿಗೆ ಬೆಳಿಗ್ಗೆಯೇ ಬಂದು ಪಕ್ಕದ ಮಣೆಯ ಮೇಲೆ ಕೂರುತ್ತಾರೆ. ನಿನ್ನೆ ಒಂದು ಸೀಳು ತೆಗೆದುಕೊಂಡು ಬಲಗೈ ಹೆಬ್ಬೆರಳ ಮೇಲೆ ಎಳೆದರು. ಮತ್ತೆ ಎಳೆದರು.

"ಈ ಕೈಗೆ ಏನೂ ಗೊತ್ತಾಗಲ್ವಲ್ಲೋ" ಅಂದರು.

ಮಗಳು ಪ್ರೀತಿಯಿಂದಲೇ ಅದನ್ನು ಇಸಿದುಕೊಂಡಳು. "ಬಿಡಮ್ಮ, ಎಲ್ಲಾ ಒಂದೇ ಥರ ಬರುತ್ತೆ. ಯಾರೂ ನೋಡೋದೇ ಬೇಡ."

ಅವಳು ಹೇಳಿದ್ದು ನಿಜ. ಅಷ್ಟು ಚೆನ್ನಾಗಿ ಮಾಡಿದ್ದೇನೆ ನಾನು.