ಪಂಕ್ಚರ್ ಪಾಠದ ದಿನ

ಬಸವೇಶ್ವರನಗರದಲ್ಲಿ ನಾನು ಸ್ಕೂಟರ್ ಗ್ಯಾರೇಜ್ ಇಟ್ಟು ಮೂವತ್ತು ವರ್ಷದ ಮೇಲಾಯಿತು. ಮೂರು ವರ್ಷದ ಹಿಂದೆ, ನಮ್ಮಲ್ಲಿ ಗಾಡಿ ಸರ್ವಿಸ್‌ಗೆ ಬಿಡುತ್ತಿದ್ದ ಒಬ್ಬ ಮೇಡಂ, ಸುಂಕದಕಟ್ಟೆಯ ತಮ್ಮ ತರಬೇತಿ ಕೇಂದ್ರದಲ್ಲಿ ವಾರಕ್ಕೆ ಮೂರು ದಿನ ಬೆಳಗ್ಗೆ ಪಾಠ ಮಾಡುತ್ತೀರಾ ಎಂದು ಕೇಳಿದರು. ಕಲಿಯುವವರೆಲ್ಲ ಚಿಕ್ಕ ವಯಸ್ಸಿಗೇ ತಾಯಿಯಾದ ಹೆಣ್ಣುಮಕ್ಕಳು, ಬೀದಿಯಲ್ಲಿ ಬೆಳೆದವರು. ಹೊಲಿಗೆ ಕಲಿಸಲು ಬೇರೆಯವರಿದ್ದರು, ಇವರಲ್ಲಿ ಏಳು ಜನಕ್ಕೆ ಗಾಡಿ ರಿಪೇರಿಯೇ ಬೇಕಂತೆ. ನನಗೆ ಪಾಠ ಹೇಳಿ ಅಭ್ಯಾಸವಿರಲಿಲ್ಲ. ಆದರೂ ಒಪ್ಪಿಕೊಂಡೆ.

ಆ ಏಳು ಜನರಲ್ಲಿ ಒಬ್ಬಳಿಗೆ ಇಪ್ಪತ್ತು ವರ್ಷ. ಒಂದೂವರೆ ವರ್ಷದ ಮಗಳನ್ನು ಪಕ್ಕದ ರೂಮಿನಲ್ಲಿ ಆಯಾ ಹತ್ತಿರ ಬಿಟ್ಟು ಬರುತ್ತಿದ್ದಳು. ರೈಲ್ವೆ ಸ್ಟೇಷನ್ನಿನ ಆಸುಪಾಸಿನಲ್ಲಿ ಬೆಳೆದವಳು, ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲ ಎಂದಷ್ಟೇ ಮೇಡಂ ಹೇಳಿದ್ದರು. ಕೈ ಬಹಳ ಚುರುಕು. ಎಂಜಿನ್ ಸದ್ದು ಕೇಳಿಯೇ ಪ್ಲಗ್ ಕೊಳೆಯಾಗಿದೆ ಎನ್ನುವಷ್ಟು ಅವಳ ಕಿವಿ ಒಂದೇ ತಿಂಗಳಲ್ಲಿ ಪಳಗಿತ್ತು.

ಪಂಕ್ಚರ್ ಪಾಠದ ದಿನ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ತೂತು ತೋರಿಸಿದೆ. ಅಲ್ಲಿ ಉಜ್ಜಿ ಒರಟು ಮಾಡಿ, ಪ್ಯಾಚ್ ಅಂಟಿಸಲು ಸೊಲ್ಯೂಷನ್ನಿನ ಮುಚ್ಚಳ ತೆಗೆದೆ. ಅವಳು ಎದ್ದಳು. ಹೇಳದೆ ಕೇಳದೆ ಹೊರಗೆ ಹೋಗಿ, ಮಗುವನ್ನು ಎತ್ತಿಕೊಂಡು ಹೊರಟೇಹೋದಳು. ಮುಂದಿನ ಕ್ಲಾಸಿಗೂ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ನನಗೆ ಸಿಟ್ಟು ಬಂತು. ಪಂಕ್ಚರ್ ಹಾಕುವುದು ಕೀಳು ಕೆಲಸ ಎಂದುಕೊಂಡಿದ್ದಾಳೆ ಅಂತ ಮೇಡಂ ಹತ್ತಿರ ದೂರಿದೆ. "ನೀವೇ ಕೇಳಿ ಸಾರ್, ಹೇಳ್ತಾಳೆ," ಎಂದರು ಅಷ್ಟೇ.

ವಾರ ಕಳೆದು ಒಂದು ಮಧ್ಯಾಹ್ನ ಅವಳೇ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನನ್ನ ಗ್ಯಾರೇಜಿಗೆ ಬಂದಳು. ಒಳಗೆ ಬಾರದೆ ಫುಟ್‌ಪಾತಿನಲ್ಲೇ ನಿಂತಳು.

"ಸಾರ್, ಕೋಪ ಮಾಡ್ಕೋಬೇಡಿ. ಆ ಸೊಲ್ಯೂಷನ್ ವಾಸನೆ ಇದ್ರೆ ನಂಗೆ ಕೂರಕ್ಕಾಗಲ್ಲ."

"ತಲೆನೋವು ಬರುತ್ತೇನಮ್ಮ? ಮೂಗಿಗೊಂದು ಬಟ್ಟೆ ಕಟ್ಕೊಂಡಿದ್ರೆ ಆಗ್ತಿತ್ತು."

"ಬಟ್ಟೆಗೆ ಹಾಕ್ಕೊಂಡೇ ಎಳೀತಿದ್ದಿದ್ದು ಸಾರ್," ಎಂದಳು. "ನಶೆಗೆ. ಎಂಟು ವರ್ಷದವಳಿದ್ದಾಗಿಂದ. ಹಸಿವಾಗ್ತಿರ್ಲಿಲ್ಲ, ಚಳಿ ಆಗ್ತಿರ್ಲಿಲ್ಲ. ಬಿಟ್ಟು ಐದು ವರ್ಷ ಆಯ್ತು. ಅವತ್ತು ನೀವು ಮುಚ್ಚಳ ತೆಗ್ದಾಗ ಮತ್ತೆ ಬೇಕು ಅನ್ನಿಸ್ತು. ಪಕ್ಕದ ರೂಮಲ್ಲಿ ಮಗು ಇದೆ ಅನ್ನೋದೂ ಒಂದ್ ನಿಮಿಷ ಮರ್ತೋಯ್ತು. ಅದಕ್ಕೇ ಓಡೋದೆ."

ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ಕೆಳಗಿಟ್ಟೆ. ಎಷ್ಟೋ ವರ್ಷಗಳ ಹಿಂದೆ, ಚಿಂದಿ ಆಯುವ ಮಕ್ಕಳು ಬಂದು ಸೊಲ್ಯೂಷನ್ ಕೇಳಿದಾಗ, ಯಾತಕ್ಕೆ ಎಂದು ವಿಚಾರಿಸದೆ ನಾನೇ ಕೊಟ್ಟದ್ದುಂಟು. ಯಾತಕ್ಕೆಂದು ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದನ್ನು ಅವಳಿಗೆ ಹೇಳಿದೆ.

"ನೀವು ಕೊಡದಿದ್ರೆ ಇನ್ನೊಬ್ರು ಕೊಡ್ತಿದ್ರು ಸಾರ್," ಎಂದಳು. ಆ ಮಾತಿನಿಂದ ನನಗೇನೂ ಸಮಾಧಾನವಾಗಲಿಲ್ಲ. ಆಮೇಲೆ ಅವಳೇ ಕೇಳಿದಳು: "ಪಂಕ್ಚರ್ ಕಲೀದೆ ಮೆಕ್ಯಾನಿಕ್ ಆಗಕ್ಕಾಗಲ್ವಾ?"

"ಈಗ ಬರೋ ಗಾಡಿಗಳಲ್ಲಿ ಟ್ಯೂಬೇ ಇರಲ್ಲಮ್ಮ. ಅವಕ್ಕೆ ಸೊಲ್ಯೂಷನ್ ಬೇಡ, ಟೈರಿನ ತೂತಿಗೆ ರಬ್ಬರ್ ಬತ್ತಿ ತೂರಿಸಿದ್ರೆ ಆಯ್ತು. ಅದನ್ನ ಕಲಿಸ್ತೀನಿ, ನಾಳೆ ಕ್ಲಾಸಿಗೆ ಬಾ."

ಬಂದಳು. ಕೋರ್ಸ್ ಮುಗಿದ ಮೇಲೆ ನಾನೇ ಅವಳನ್ನು ಗ್ಯಾರೇಜಿನ ಕೆಲಸಕ್ಕೆ ಕರೆದೆ. ಅವಳು ಸೇರುವ ಹಿಂದಿನ ದಿನ, ಇದ್ದಬದ್ದ ಸೊಲ್ಯೂಷನ್ನೆಲ್ಲ ಎದುರು ಸಾಲಿನ ಪಂಕ್ಚರ್ ಅಂಗಡಿಗೆ ಕೊಟ್ಟುಬಿಟ್ಟೆ. ಟ್ಯೂಬ್ ಪಂಕ್ಚರ್ ಬಂದರೆ ಅಲ್ಲಿಗೇ ಕಳಿಸುತ್ತೇನೆ.

ಮೊದಮೊದಲು ಗಿರಾಕಿಗಳು ಗೊಣಗಿದರು. ಒಬ್ಬ ಹಿರಿಯರು, "ಆ ಹುಡುಗಿ ಕೈಗೆ ನನ್ ಗಾಡಿ ಕೊಡ್ಬೇಡಿ," ಎಂದರು. ನನಗೆ ಬಿಡುವಿಲ್ಲ ಎಂದೆ. ಅವರು ಕುರ್ಚಿ ಹಾಕಿಕೊಂಡು ಕಾವಲು ಕೂತರು. ಅವಳು ಚಕ್ರ ಬಿಚ್ಚಿ, ಪೂರ್ತಿ ಸವೆದುಹೋಗಿದ್ದ ಬ್ರೇಕ್ ಶೂ ತೆಗೆದು ಅವರ ಕೈಗಿಟ್ಟು, "ಇದನ್ನ ಇಟ್ಕೊಂಡು ಇಳಿಜಾರಲ್ಲಿ ಹೆಂಗೆ ಓಡಿಸ್ತಿದ್ರಿ ಸಾರ್?" ಎಂದು ಕೇಳಿದಳು. ಈಗ ಅವರು ಬಂದರೆ ಕೀ ನೇರ ಅವಳ ಕೈಗೇ ಕೊಡುತ್ತಾರೆ, ನನ್ನ ಕಡೆ ನೋಡುವುದೂ ಇಲ್ಲ.

ಆ ವಾಸನೆ ಮತ್ತೆ ಬೇಕೆನ್ನಿಸುವ ಕಷ್ಟದ ದಿನಗಳು ಅವಳಿಗೆ ಇನ್ನೂ ಬರುತ್ತವೆ. ಆಗ ಕೆಲಸದ ಮಧ್ಯೆ ಎದ್ದು ರಸ್ತೆಯ ತುದಿಯವರೆಗೆ ನಡೆದು ಬರುತ್ತಾಳೆ. ನಾನು ಏನೂ ಕೇಳುವುದಿಲ್ಲ.

ಹುಟ್ಟಿದ ದಿನಾಂಕಕ್ಕೆ ಯಾವ ಕಾಗದವೂ ಇಲ್ಲದ್ದರಿಂದ ಗಾಡಿ ಓಡಿಸುವ ಅವಳ ಲೈಸೆನ್ಸ್ ಮಾತ್ರ ತಡವಾಯಿತು. ಮೇಡಂ ಓಡಾಡಿ ಎಲ್ಲ ಮಾಡಿಸಿಕೊಟ್ಟರು. ಕಳೆದ ತಿಂಗಳು ಅದು ಬಂತು. ಅವತ್ತು ಹೊಸ ಬ್ಯಾಚಿನ ಪಾಠಕ್ಕೆ ಅವಳೂ ಮಗಳೂ ನನ್ನ ಜೊತೆಯಲ್ಲಿದ್ದರು. ಪಾಠ ಮುಗಿದ ಮೇಲೆ ನನ್ನ ಸ್ಕೂಟರಿನ ಹತ್ತಿರ ಅವಳು ಕೈ ಚಾಚಿ, "ಕೀ ಕೊಡಿ ಸಾರ್, ನೀವು ಹಿಂದೆ ಕೂತ್ಕೊಳಿ," ಎಂದಳು.

ಇಷ್ಟು ವರ್ಷದಲ್ಲಿ ನಾನು ಯಾರ ಹಿಂದೆಯೂ ಕೂತವನಲ್ಲ. ಅವತ್ತು ಕೂತೆ. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಅವಳು ಆತುರವಿಲ್ಲದೆ ಓಡಿಸಿದಳು. ಮುಂದೆ ನಿಂತಿದ್ದ ಮಗಳು ಸಿಗ್ನಲ್ಲಿನಲ್ಲಿ ಹಿಂದಕ್ಕೆ ಬಗ್ಗಿ ನೋಡಿ, "ತಾತ, ಭಯ ಆಗ್ತಿದ್ಯಾ?" ಎಂದಳು.

"ಇಲ್ಲ ಪುಟ್ಟಿ," ಎಂದೆ. ನಿಜವಾಗಿಯೂ ಆಗುತ್ತಿರಲಿಲ್ಲ.