ಕಾಕಾ ಆರಿಸಿದ ಗುಂಡುಗಳು

ಹಳಿಯಾಳದಲ್ಲಿ ನನ್ನ ಮನೆಯ ಗೋಡೆಗೆ ಅಂಟಿಕೊಂಡೇ ಒಂದು ಗ್ಯಾರೇಜಿದೆ. ವರ್ಷವಿಡೀ ಅಲ್ಲಿಂದ ಡೀಸೆಲ್ ವಾಸನೆ, ಸುತ್ತಿಗೆಯ ಸದ್ದು, ಅದರ ಮೇಲೆ ಹುಡುಗರ ಕಿರುಚಾಟ. ಮೂರನ್ನೂ ನಾನು ಬೈದುಕೊಂಡೇ ಸಹಿಸಿಕೊಂಡಿದ್ದೇನೆ. ಈ ಸಲ ನವರಾತ್ರಿಯ ಖಂಡೆ ಪೂಜೆಗೆ ಕರೆದರು, ಹೋದೆ. ಪಾನಾ, ಜಾಕು, ಇಕ್ಕಳ ಎಲ್ಲವನ್ನೂ ತೊಳೆದು, ಕೊಬ್ಬರಿ ಎಣ್ಣೆ ಸವರಿ, ವಿಭೂತಿ ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದರು. ಕಬ್ಬಿಣದ ಮೇಲಿನ ಕೊಬ್ಬರಿ ಎಣ್ಣೆಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಪ್ರಸಾದವನ್ನು ಕೈಯಲ್ಲಿ ಹಿಡಿದುಕೊಂಡು ಸೀದಾ ಮನೆಗೆ ಬಂದು ಕೂತುಬಿಟ್ಟೆ. ಸಕ್ಕರೆ ಕಾಯಿಲೆಯ ಮುದುಕಿ, ಸಿಹಿ ಕಂಡು ಓಡಿದಳು ಎಂದುಕೊಂಡಿರಬೇಕು ಹುಡುಗರು.

ನೆನಪಾದದ್ದು ಕಾಕಾ.

ಅವರು ನನಗೆ ಸ್ವಂತ ಕಾಕಾ ಅಲ್ಲ. ನಾನು ನರ್ಸ್ ಕೆಲಸಕ್ಕೆ ಮುಂಡಗೋಡ ತಾಲ್ಲೂಕಿನ ಒಂದು ಹಳ್ಳಿಯ ಆಸ್ಪತ್ರೆಗೆ ವರ್ಗವಾಗಿ ಬಂದಾಗ, ಒಂಟಿ ಹೆಣ್ಣಿಗೆ ಬಾಡಿಗೆಗೆ ಕೋಣೆ ಕೊಟ್ಟವರು ಅವರೊಬ್ಬರೇ. ಟಿಬೆಟನ್ ಕಾಲೊನಿ ದಾಟಿ, ಗೋವಿನಜೋಳದ ಹೊಲಗಳು ಮುಗಿದು ಅಡವಿ ಶುರುವಾಗುವಲ್ಲಿ ಅವರ ಮನೆ. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಅಂದೆ. ಅವರ ಹೆಂಡತಿ ಕಾಕು. ನನ್ನ ಕೋಣೆಗೂ ಅವರ ಪಡಸಾಲೆಗೂ ನಡುವೆ ಒಂದು ಹಲಗೆಯ ಬಾಗಿಲು, ಅದಕ್ಕೆ ಚಿಲಕವೇ ಇರಲಿಲ್ಲ. ಬೆಳಿಗ್ಗೆ ಕಾಕು ಬಾಗಿಲು ತಳ್ಳಿ ಚಹಾ ಇಟ್ಟು ಹೋಗುತ್ತಿದ್ದರು.

ಪಡಸಾಲೆಯ ಗೋಡೆಯ ಮೇಲೆ ಒಂದು ರೈಫಲ್ ಇತ್ತು. ಕಾಕಾನ ತಂದೆಯ ಕಾಲದ್ದು. ಬೆಳೆ ಕಾಯಲೆಂದು ಲೈಸೆನ್ಸು ಪಡೆದದ್ದು. ನನಗೆ ಬಂದೂಕು ಕಂಡರೆ ಆಗದು. ಗಾಯ ಹೊಲಿಯುವವಳಿಗೆ ಗಾಯ ಮಾಡುವ ವಸ್ತುವಿನ ಮೇಲೆ ಎಂಥ ಪ್ರೀತಿ? ಆದರೆ ಕಾಕಾ ಗುಂಡು ಆರಿಸಲು ಕೂತರೆ ನಾನೂ ಹೋಗಿ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅದೊಂದು ದೊಡ್ಡ ಸೋಗು. ಹುಬ್ಬಳ್ಳಿಯ ಅಂಗಡಿಯಿಂದ ತಂದ ಗುಂಡಿನ ಪೆಟ್ಟಿಗೆಯನ್ನು ಬಿಸಿಲಲ್ಲಿ ಬಿಚ್ಚುತ್ತಿದ್ದರು. ಕನ್ನಡಿಯೊಂದನ್ನು ಅಂಗಾತ ಮಲಗಿಸಿ ಅದರ ಮೇಲೆ ಒಂದೊಂದನ್ನೇ ಮೆಲ್ಲಗೆ ಉರುಳಿಸುತ್ತಿದ್ದರು. ಮದ್ದು ತುಂಬಿದ ಹಿತ್ತಾಳೆಯ ಕೊಪ್ಪಿನಲ್ಲಿ ಸೀಸದ ಗುಂಡು ನೆಟ್ಟಗೆ ಕೂತಿದ್ದರೆ ಅದರ ಮೂತಿ ಅಲುಗದೆ ಉರುಳಬೇಕು. ಒಂಚೂರು ತೂಗಾಡಿದರೂ ಅದು ಪಕ್ಕಕ್ಕೆ. ಸೀಸದ ಮೂತಿ ಮೊಂಡಾಗಿದ್ದರೆ, ಕೊಪ್ಪಿಗೆ ಕಿಲುಬು ಹಿಡಿದಿದ್ದರೆ ಅದೂ ಪಕ್ಕಕ್ಕೆ. ಉಳಿದವನ್ನು ಪತ್ತಾರನಿಂದ ತಂದ, ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ ತೂಗಿ, ಒಂದೇ ತೂಕದವನ್ನು ಮಾತ್ರ ಬಿಳಿ ಅರಿವೆಯಲ್ಲಿ ಕಟ್ಟಿಡುತ್ತಿದ್ದರು. ಅಷ್ಟರಲ್ಲಿ ಅವರ ಚಹಾ ಆರಿ ಕೆನೆ ಕಟ್ಟಿರುತ್ತಿತ್ತು.

“ಹತ್ತರ ಹೊಡ್ಯಾಕ ಎಂಥಾದಾದ್ರೂ ನಡೀತೈತಿ ತಂಗಿ. ದೂರಕ್ಕ ಹಂಗಲ್ಲ. ಇಲ್ಲಿ ಕೂದಲಷ್ಟು ಸೊಟ್ಟ ಇದ್ರ ಅಲ್ಲಿ ಮಾರುದ್ದ ತಪ್ಪತೈತಿ. ತಪ್ಪಿ ಬಡಿದ್ರ ಜೀವ ಒದ್ದಾಡತೈತಿ ನೋಡು” ಎನ್ನುತ್ತಿದ್ದರು.

ಕಾಕು ಒಳಗಿನಿಂದಲೇ ಕೂಗುತ್ತಿದ್ದರು, “ನನ್ನ ನೋಡಾಕ ಬಂದಾಗ ಇಷ್ಟ ನೋಡಲಿಲ್ಲ ಬಿಡವ್ವಾ! ಅವಲಕ್ಕಿ ತಿಂದು ಹ್ಞೂಂ ಅಂದು ಎದ್ದ ಹೋದ್ರು.” ಕಾಕಾ ತಲೆ ಎತ್ತದೆ ಮೀಸೆಯೊಳಗೇ ನಗುತ್ತಿದ್ದರು.

ಕಾಕಾ ಬೇಟೆಗಾರರೇನಲ್ಲ. ಬೇಟೆ ನಿಂತು ಎಷ್ಟೋ ಕಾಲವಾಗಿತ್ತು. ಗೋವಿನಜೋಳ ತೆನೆ ಕಟ್ಟಿದಾಗ ಹಂದಿಗಳು ಹೊಲಕ್ಕೆ ನುಗ್ಗುತ್ತಿದ್ದವು. ಯಾವುದಾದರೂ ಹಂದಿ ಜನರ ಮೈಮೇಲೆ ಬರತೊಡಗಿ, ಅರಣ್ಯ ಇಲಾಖೆಯವರು ಅನುಮತಿ ಕೊಟ್ಟರೆ ಮಾತ್ರ ಊರವರು ಕಾಕಾನನ್ನು ಕರೆಯುತ್ತಿದ್ದರು. ಕಾಕಾ ಹಳ್ಳದ ಈಚೆ ದಡದ ಮೇಲೆ ಕೂತು ಆಚೆಗೆ ಗುರಿ ಹಿಡಿಯುತ್ತಿದ್ದರು. ನಡುವೆ ಹಳ್ಳ, ಹಂದಿಯ ಹಿಂದೆ ಮಣ್ಣಿನ ದಿಬ್ಬ. ಗುಂಡು ತಪ್ಪಿದರೂ ಯಾರಿಗೂ ತಗಲುವಂತಿರಲಿಲ್ಲ. ಅಷ್ಟು ದೂರದಿಂದ ಒಂದೇ ಗುಂಡಿಗೆ ಕೆಡವುವವರು ಸುತ್ತಿನಲ್ಲಿ ಬೇರೆ ಯಾರೂ ಇರಲಿಲ್ಲ. ಆ ಹೆಸರಿನ ಮೇಲೆ ಕಾಕಾನಿಗೆ ಬಹಳ ಆಸೆ ಇತ್ತು. ಕೈಯಲ್ಲಿ ಚಹಾ ಕಪ್ಪು ಹಿಡಿದು ಯಾರಾದರೂ ಆ ಮಾತು ತೆಗೆಯಲಿ ಎಂದು ಕಾಯುತ್ತಿದ್ದರು, ತೆಗೆದರೆ ಬೇಡ ಬೇಡ ಎನ್ನುತ್ತಿದ್ದರು.

ಆ ವರ್ಷ ನವರಾತ್ರಿಗೆ ಮೊದಲು ಒಂದು ಒಂಟಿ ಹಂದಿ ಹೊಲದಲ್ಲಿ ತೆನೆ ಮುರಿಯುತ್ತಿದ್ದ ಹೆಂಗಸೊಬ್ಬಳನ್ನು ಕೆಡವಿತು. ಅವಳ ಕಾಲನ್ನು ಹೊಲಿದವಳು ನಾನೇ. ಇಲಾಖೆಯವರು ಅನುಮತಿ ಕೊಟ್ಟರು. ಹಬ್ಬ ಮುಗಿದ ಮೇಲೆ ನೋಡೋಣ ಎಂದು ಕಾಕಾ ಗುಂಡು ಆರಿಸಿ ಅರಿವೆಯಲ್ಲಿ ಕಟ್ಟಿ ಗೋಡೆಯ ಮಾಡದಲ್ಲಿಟ್ಟರು. ಅಷ್ಟರಲ್ಲಿ ಜೊಯಿಡಾ ಕಡೆಯಿಂದ ಸುದ್ದಿ ಬಂತು. ಸೂಪಾ ಡ್ಯಾಮಿನ ಕೆಲಸದ ದಿನಗಳಲ್ಲಿ ಕಾಕಾನ ಜೊತೆಗಿದ್ದ ಗೆಳೆಯ ತೀರಿಕೊಂಡಿದ್ದ. ಆ ಕಡೆ ಬಸ್ಸುಗಳು ಅಪರೂಪ. ಹೋದ ಕಾಕಾನಿಗೆ ಖಂಡೆ ಪೂಜೆಯ ದಿನಕ್ಕೆ ಮರಳಲಾಗಲಿಲ್ಲ.

ಪ್ರತಿ ವರ್ಷ ಪೂಜೆಗೆ ರೈಫಲನ್ನು ಕಾಕಾನೇ ಇಡುತ್ತಿದ್ದರು. ಅದರ ಜೊತೆಗೆ ಹಾರಿಸಿ ಉಳಿದ ಖಾಲಿ ಕೊಪ್ಪುಗಳನ್ನಷ್ಟೇ ಇಡುತ್ತಿದ್ದರು. ಆ ವರ್ಷ ಕಾಕು ಒಬ್ಬರೇ. ಸಂಜೆ ಆರತಿಗೆ ನನ್ನನ್ನೂ ಕರೆದರು. ಕುಡಗೋಲು, ಕುಂಟೆಯ ಕುಡ, ಈಳಿಗೆ, ರೈಫಲ್ ಎಲ್ಲಕ್ಕೂ ಕೊಬ್ಬರಿ ಎಣ್ಣೆ ಸವರಿ ವಿಭೂತಿ ಎಳೆದಿದ್ದರು. ಮುಂದೆ ಒಂದು ತಾಟಿನಲ್ಲಿ ಹಿತ್ತಾಳೆಯ ಕೊಪ್ಪುಗಳು ಸಾಲಾಗಿ ನಿಂತಿದ್ದವು, ಒಂದೊಂದರ ತಲೆಯ ಮೇಲೂ ಒಂದೊಂದು ಚೆಂಡುಹೂವು. ತಾಟಿನ ತಳದಲ್ಲಿ ಎಣ್ಣೆ ಇಳಿದು ನಿಂತಿತ್ತು. ಎಷ್ಟು ಚೆಂದ ಮಾಡಿದ್ದೀರಿ ಕಾಕು ಅಂದೆ. ಹೂವಿನ ಕೆಳಗೆ ಇದ್ದದ್ದು ಖಾಲಿ ಕೊಪ್ಪುಗಳೆಂದೇ ನಾನು ತಿಳಿದಿದ್ದೆ. ಹೂ ಎತ್ತಿ ನೋಡುವ ಪ್ರಸಂಗವೇ ಬರಲಿಲ್ಲ.

ಮರುದಿನ ಕಾಕು ತಾಟು ಎತ್ತಿ, ಎಲ್ಲವನ್ನೂ ಒರೆಸಿ, ಮತ್ತೆ ಬಿಳಿ ಅರಿವೆಯಲ್ಲಿ ಕಟ್ಟಿ ಮಾಡದಲ್ಲಿಟ್ಟರು. ಕಾಕಾ ಬನ್ನಿ ಹಂಚುವ ಹೊತ್ತಿಗೆ ಬಂದು ಮುಟ್ಟಿದರು. ಗೆಳೆಯ ಹೋದ ದುಃಖ, ಪ್ರಯಾಣದ ದಣಿವು... ಅರಿವೆಯ ಗಂಟು ಬಿಚ್ಚಿ ಇನ್ನೊಮ್ಮೆ ನೋಡಲಿಲ್ಲ. ಒಮ್ಮೆ ಆರಿಸಿದ ಮೇಲೆ ಮತ್ತೇನು ನೋಡುವುದು?

ಹಂದಿ ಹೊರಬಿದ್ದದ್ದು ಹಬ್ಬ ಕಳೆದ ಮೇಲೆ, ಇನ್ನೂ ಬಿಸಿಲಿರುವಾಗಲೇ. ನಾನು ಅಲ್ಲಿರಲಿಲ್ಲ, ಇದ್ದವರು ಆಮೇಲೆ ಹೇಳಿದ್ದು. ಹಲಗೆ ಬಾರಿಸುತ್ತ ಜನ ಹೊಲದೊಳಗಿಂದ ಅದನ್ನು ಎಬ್ಬಿಸಿದರು. ಅದು ಹಳ್ಳದ ಆಚೆ ದಿಬ್ಬದ ಮುಂದೆ ಬಂದು ನಿಂತಿತು, ಕಾಕಾ ಬಯಸಿದ ಜಾಗದಲ್ಲೇ. ಕಾಕಾ ಬಂದೂಕಿನ ಕುದುರೆ ಎಳೆದರು. ಟಕ್ ಅಂತು, ಅಷ್ಟೇ. ಅದನ್ನು ತೆಗೆದು ಇನ್ನೊಂದು ಏರಿಸಿದರು. ಮತ್ತೆ ಟಕ್. ಹಂದಿ ಹಳ್ಳಕ್ಕೆ ಇಳಿದು ಈಚೆಗೆ ಹತ್ತಿತು. ದಾರಿಯಲ್ಲಿ ಹೊಲ ಕಾಯುವ ಮುದುಕನೊಬ್ಬ ಓಡಲಾರದೆ ನಿಂತುಬಿಟ್ಟಿದ್ದ. ಕಾಕಾ ದಡದಿಂದ ಇಳಿದು ಅವನ ಮುಂದೆ ಹೋಗಿ ನಿಂತರು. ಹತ್ತಿರದಿಂದ ಗುರಿ ಹಿಡಿದರು. ಟಕ್.

ಕಾಕಾನನ್ನು ಜೀಪಿನಲ್ಲಿ ತಂದು ಮಲಗಿಸಿದಾಗ ಹಂದಿಯ ಕೋರೆಗೆ ತೊಡೆ ಮೇಲಿನಿಂದ ಮೊಣಕಾಲಿನವರೆಗೆ ಸೀಳಿತ್ತು. ಡಾಕ್ಟರು ಆ ದಿನ ಇರಲಿಲ್ಲ. ರಕ್ತ ನಿಲ್ಲಿಸಿ, ಪಟ್ಟಿ ಬಿಗಿದು, ಹುಬ್ಬಳ್ಳಿಗೆ ಕಳಿಸುವುದಷ್ಟೇ ನನ್ನ ಕೈಯಲ್ಲಿದ್ದದ್ದು. ಎಲ್ಲರನ್ನೂ ಹೊರಗೆ ದಬ್ಬಿದೆ. ಸಲೈನು ಹಾಕಲು ಕೈ ಹಿಡಿದರೆ ಕಾಕಾ ಮುಷ್ಟಿ ಬಿಡಲೊಲ್ಲರು. ನಾನು ಬೈದೆ. ಆಗ ಮುಷ್ಟಿ ಬಿಚ್ಚಿದರು. ಒಳಗೆ ಸಿಡಿಯದ ಗುಂಡುಗಳಿದ್ದವು, ರಕ್ತ ಮೆತ್ತಿಕೊಂಡು.

“ಮೂಸಿ ನೋಡು” ಅಂದರು.

ಮೂಸಿದೆ. ಕೊಬ್ಬರಿ ಎಣ್ಣೆ. ಬುಡದ ಅಂಚಿನಲ್ಲಿ ಚೂರು ಕುಂಕುಮ ಇನ್ನೂ ಅಂಟಿತ್ತು.

ಬುಡದಲ್ಲಿ ಸಣ್ಣ ಕ್ಯಾಪು ಇರುತ್ತದೆ, ಸೂಜಿ ಬಡಿದಾಗ ಕಿಡಿ ಹುಟ್ಟುವುದು ಅಲ್ಲಿ, ಅದರೊಳಗೆ ಎಣ್ಣೆ ಇಳಿದರೆ ಗುಂಡು ಸತ್ತಂತೆಯೇ ಎಂದು ಅವರು ತಡೆದು ತಡೆದು ಹೇಳಿದರು. ಪೂಜೆಯ ತಾಟು ನನ್ನ ಕಣ್ಣ ಮುಂದೆ ಬಂತು. ಒಳ್ಳೆಯವೆಂದು ಗಂಡ ಆರಿಸಿಟ್ಟದ್ದಕ್ಕೇ ದೇವರ ಆಶೀರ್ವಾದ ಇರಲಿ ಎಂದು ಕಾಕು ಅವನ್ನೇ ಎಣ್ಣೆಯಲ್ಲಿ ನಿಲ್ಲಿಸಿದ್ದರು, ಇಡೀ ಒಂದು ರಾತ್ರಿ. ನಾನು ಮಾತನಾಡುವ ಮೊದಲೇ ಕಾಕಾ ನನ್ನ ಮುಂಗೈ ಹಿಡಿದರು.

“ಅಕಿಗೆ ಹೇಳಬ್ಯಾಡ ತಂಗಿ. ನನ್ನ ಕಾಲಿಗೆ ಏನರ ಆಗ್ಲಿ. ಇದು ಗೊತ್ತಾದ್ರ ಅಕಿ ಮತ್ತ ದೇವರ ಮುಂದ ಕೂಡಾಕಿಲ್ಲ. ತೊಳೆದಬಿಡು ಅವನ್ನ.”

ಅಂಥ ಹೊತ್ತಿನಲ್ಲಿ ಗುಂಡು ತೊಳೆಯುವ ನರ್ಸು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ಸ್ಪಿರಿಟ್ಟಿನ ಹತ್ತಿಯಿಂದ ಒಂದೊಂದನ್ನೂ ಉಜ್ಜಿದೆ. ಕಣ್ಣೀರು ಬರುತ್ತಿತ್ತು, ಸ್ಪಿರಿಟ್ಟಿನದೇ ಎಂದುಕೊಂಡೆ. ಅಷ್ಟರಲ್ಲಿ ಕಾಕು ಎದೆ ಬಡಿದುಕೊಳ್ಳುತ್ತ ಒಳಗೆ ಬಂದರು. ಹಿಂದೆಯೇ ಬಾಗಿಲಲ್ಲಿ ಊರವರು. ಕಾಕಾ ಎಲ್ಲರಿಗೂ ಕೇಳುವ ಹಾಗೆ ಅಂದರು, “ಹಳೇ ಪೆಟ್ಟಿಗಿಯವು ಇದ್ದೂ. ನಾನ ಆರಿಸೂದರಾಗ ತಪ್ಪಿದೆ.”

ಕಾಲು ಉಳಿಯಿತು, ಸೆಟೆದುಕೊಂಡು. ಆದರೆ ಊರಿನ ಬಾಯಿ ಯಾರು ಕಟ್ಟುತ್ತಾರೆ? ಮುದುಕನನ್ನು ಉಳಿಸಿದ್ದು ಬೇಗ ಮರೆತುಹೋಯಿತು. ಕನ್ನಡಿಯ ಮೇಲೆ ಉರುಳಿಸಿ ಉರುಳಿಸಿ ಠುಸ್ ಗುಂಡು ಆರಿಸಿದ ಕಾಕಾ ಮಾತ್ರ ಉಳಿದರು. ಸಂತೆಯಲ್ಲಿ ಬದನೆಕಾಯಿಯನ್ನು ತಿರುವಿ ತಿರುವಿ ನೋಡುವವನಿಗೂ “ಕಾಕಾ ಗುಂಡ ಆರಿಸಿದಂಗ ಆರಿಸಬ್ಯಾಡೋ ಮಾರಾಯಾ” ಎಂದು ನಗುತ್ತಿದ್ದರು. ಕಾಕಾನ ಎದುರಿಗೇ ಅನ್ನುತ್ತಿದ್ದರು. ಕಾಕಾ ತಾವೂ ನಕ್ಕುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಂದಿಗೆ ಹೊಡೆಯಲು ಆಮೇಲೆ ಬೇರೆ ಊರಿನವನನ್ನು ಕರೆಸಿದರು.

ಊರಿನದು ಹೋಗಲಿ, ಕಾಕುವಿನ ಬೈಗುಳ ನನಗೆ ಕೇಳಲಾಗುತ್ತಿರಲಿಲ್ಲ. ದಿನಾ ಸಂಜೆ ಆ ಕಾಲಿಗೆ ಬಿಸಿನೀರು ಹಾಕುತ್ತ ಶುರು ಮಾಡುತ್ತಿದ್ದರು. “ದೊಡ್ಡ ಗುಂಡ ಆರಿಸಾವ್ರು! ನಾ ಆರಿಸಿದ್ರೂ ಇದಕ್ಕಿಂತ ಚೊಲೊ ಆರಿಸ್ತಿದ್ದೆ.” ಹೆದರಿಕೆಗೆ ಬೈಯುತ್ತಿದ್ದರು, ಪ್ರೀತಿಗೆ ಬೈಯುತ್ತಿದ್ದರು, ಅದು ನನಗೂ ಗೊತ್ತು. ಒಮ್ಮೆ ತಡೆಯಲಾರದೆ, ಕಾಕು, ಅದು ಹಂಗಲ್ಲ, ಎಂದು ಬಾಯಿ ತೆರೆದೆ. ಕಾಕಾ ತಟ್ಟನೆ ನನ್ನತ್ತ ನೋಡಿ, “ತಂಗಿ, ಸ್ವಲ್ಪ ಚಾ ಮಾಡ್ತೀಯೇನು” ಅಂದರು. ಎದ್ದು ಹೋಗಿ ಚಹಾ ಮಾಡಿದೆ.

ಮುಂದಿನ ನವರಾತ್ರಿ ಬರುವ ಮೊದಲೇ ರೈಫಲನ್ನು, ಇದ್ದ ಗುಂಡುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬಂದರು. ಕಾಲು ನೆಟ್ಟಗಿಲ್ಲದವನಿಗೆ ಯಾಕೆ ಎಂದರು. ಖಂಡೆ ಪೂಜೆಯ ದಿನ ಕಾಕು ಕುಡಗೋಲಿಗೆ ಎಣ್ಣೆ ಸವರಿದರು. ಯಾವತ್ತೂ ರೈಫಲ್ ಇಟ್ಟು, ಪೂಜೆಯ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಕೂಡುತ್ತಿದ್ದ ಕಾಕಾ ಆ ವರ್ಷ ಸೆಟೆದ ಕಾಲು ಚಾಚಿಕೊಂಡು ಹೆಂಡತಿಯ ಪಕ್ಕದಲ್ಲಿ ಕೂತು ಗಂಟೆ ಬಾರಿಸಿದರು. ಬರಿದಾದ ಗೋಡೆಯ ಕಡೆ ಒಮ್ಮೆಯೂ ನೋಡಲಿಲ್ಲ. ನಾನು ನೋಡಿದೆ...

ಆಮೇಲೆ ನನಗೆ ದಾಂಡೇಲಿಗೆ ವರ್ಗವಾಯಿತು. ಕಾಕಾ ತೀರಿಕೊಂಡ ಸುದ್ದಿ ಬಂದಾಗ ಹೋಗಿದ್ದೆ. ಮಣ್ಣಿಗೆ ಬಂದವರಲ್ಲಿ ಯಾರೋ ಅದೇ ಮಾತು ತೆಗೆದು ಮೆಲ್ಲಗೆ ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಸತ್ತವರ ಬಗ್ಗೆ ಏನಾದರೂ ಹೇಳಬೇಕಲ್ಲ, ಹಾಗೆ. ನನಗೆ ಅಲ್ಲೇ ಎದ್ದು ನಿಂತು ಕೂಗಬೇಕೆನಿಸಿತು. ಕಾಕು ಎದುರಿಗೇ ಕೂತಿದ್ದರು.

ಕೊನೆಗೆ ಕಾಕು ಹಳಿಯಾಳಕ್ಕೆ, ತಮ್ಮ ಅಣ್ಣನ ಮಕ್ಕಳ ಮನೆಗೆ ಬಂದರು. ನಿವೃತ್ತಿಯಾಗಿ ನಾನೂ ಇಲ್ಲೇ ನೆಲೆಸಿದ್ದರಿಂದ ಆಗಾಗ ಹೋಗುತ್ತಿದ್ದೆ. ಹೋದ ಮಳೆಗಾಲದಲ್ಲಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಕೇಳಿದರು.

“ತಂಗಿ, ಅವತ್ತ ಆಸ್ಪತ್ರಿಯಾಗ ನೀ ಇದ್ದಿ. ಖರೇ ಹೇಳು. ಅವರು ಆರಿಸಿದ್ದು ತಪ್ಪಿತ್ತೇನು? ಅವರು ಸಾಯೂತನಾ ಬೈದೇನಿ. ಸುಳ್ಳ ಬೈದೇನೇನೋ ಅಂತ ನಿದ್ದಿ ಬರವಲ್ದು.”

ಹೊರಗೆ ಮಳೆ ಹಿಡಿದಿತ್ತು. ಕಾಕಾ ಇದ್ದಿದ್ದರೆ ಚಹಾ ಕೇಳುತ್ತಿದ್ದರು. ಕೇಳುವವರು ಯಾರೂ ಇರಲಿಲ್ಲ, ನಾನೇ ಹೇಳಬೇಕಿತ್ತು.

“ಹೌದ್ರಿ ಕಾಕು. ತಪ್ಪಿತ್ತು” ಅಂದೆ.

ಕಾಕು ಉಸಿರು ಬಿಟ್ಟರು. ಮುಖ ಸಡಿಲಾಯಿತು. “ಹಂಗಾರ ಬೈದದ್ದಕ್ಕ ಪಾಪ ಇಲ್ಲ ಅನ್ನು. ಹುಚ್ಚ ಮನಶ್ಯಾ... ಅಷ್ಟ ನೋಡಿ ನೋಡಿ...” ಎಂದು ಅರ್ಧಕ್ಕೇ ಬಿಟ್ಟು ಕಣ್ಣು ಮುಚ್ಚಿದರು. ಆ ದಿನ ಚೆನ್ನಾಗಿ ನಿದ್ದೆ ಮಾಡಿದರಂತೆ. ಶ್ರಾವಣ ಮುಗಿಯುವ ಮೊದಲೇ ಹೋದರು.

ಈಗ ಇದನ್ನು ಬರೆಯಬಹುದು. ಓದಿ ಎದೆ ಒಡೆದುಕೊಳ್ಳುವವರು ಯಾರೂ ಉಳಿದಿಲ್ಲ. ನಗುವ ಊರಿಗೆ ಉತ್ತರ ಕೊಟ್ಟಂತಾಯಿತು ಎಂದು ನನಗೆ ಸಮಾಧಾನವೂ ಆಗಬೇಕಿತ್ತು, ಆಗುತ್ತಿಲ್ಲ. ಕಾಕಾ, ನೀವು ಆರಿಸಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅದನ್ನು ನಿಮಗೆ ಕೇಳಿಸುವ ಹಾಗೆ, ನಾಲ್ಕು ಜನರ ಎದುರು, ನೀವು ಬದುಕಿದ್ದಾಗ ಹೇಳಲು ನೀವೇ ಬಿಡಲಿಲ್ಲ.