ಗಂಗಕ್ಕ ಕಾಲು ಮುಟ್ಟಗೊಡಲಿಲ್ಲ

ಗೆಳೆಯರೇ, ಇವತ್ತು ಹೊಸನಗರದ ಆಸ್ಪತ್ರೆಯಲ್ಲಿ ನಮ್ಮ ರೈತ ಚಳವಳಿಗೇ ಮುಖಭಂಗವಾಯಿತು. ನಾಲ್ಕು ಹೆಜ್ಜೆಗೇ ಏದುಸಿರು ಬಿಡುವ ಗೇಣಿ ಒಕ್ಕಲಿನ ಗಂಗಕ್ಕನನ್ನು ಕರೆದೊಯ್ದಿದ್ದೆ. ಡಾಕ್ಟರು ಎದೆಬಡಿತ ಕೇಳಿ, ಕಾಲು ಒತ್ತಿ ನೋಡಲು ಬಗ್ಗಿದರು. ಆಕೆ ಹೌಹಾರಿ ಹಿಂದೆ ಸರಿದಳು.

"ಬ್ಯಾಡ ಒಡೆಯಾ! ನೀವು ನನ್ನ ಕಾಲು ಮುಟ್ಟಿದ್ರೆ ನಂಗೆ ಪಾಪ ಸುತ್ಕಣ್ತದೆ."

"ಎದೆ ಕಾಯಿಲೆ ಇದ್ರೆ ಕಾಲು ಬಾತ್ಕೊಳ್ತದೆ ಕಣಮ್ಮಾ."

"ಎದೆ ಇರದು ಮ್ಯಾಲೆ. ಕಾಲ್ಯಾಕೆ ನೋಡ್ತೀರಿ?"

ಕೊನೆಗೆ ತಾನೇ ಸೀರೆ ಸರಿಸಿ ಬೆರಳೊತ್ತಿದಳು. ಬಿದ್ದ ಕುಳಿ ಮೇಲೇಳಲೇ ಇಲ್ಲ. ಹಿಂದಿನ ಸಲವೂ ಕಾಲು ಮುಚ್ಚಿಕೊಂಡೇ ಬಂದು, ಕೆಮ್ಮಿನ ಔಷಧಿ ಕುಡಿದು ಹೋಗಿದ್ದಳಂತೆ.

"ಬಹಳ ತಡ ಮಾಡಿದ್ರಿ" ಎಂದರು ಡಾಕ್ಟರು, ನನ್ನ ಕಡೆ ನೋಡಿ.

ಧಣಿಗಳ ಕಾಲಿಗೆ ಬೀಳಬೇಡಿ ಎಂದು ಊರೂರಲ್ಲಿ ಗಂಟಲು ಹರಿದುಕೊಂಡವರು ನಾವು. ನಿಮ್ಮ ಕಾಲನ್ನೂ ಇನ್ನೊಬ್ಬರು ಮುಟ್ಟಬಹುದು ಎಂದು ಒಬ್ಬನೂ ಹೇಳಿರಲಿಲ್ಲ.